ಕೆರೆಯ ಗಾಳಿಗೆ ಕೈಯಾರೆ ಮಾಡಿದ ಚುಕ್ಕಾಣಿ

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ತುಂಗಭದ್ರಾ ಹೊಳೆ ದಾಟಿಸುತ್ತಿದ್ದ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಬೆತ್ತ ಹೆಣೆದು ಚರ್ಮ ಹೊದಿಸಿದ ಆ ದುಂಡು ದೋಣಿಗಳು ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಆದರೆ ನೇರ ಹೋಗಲಾರದೆ ಸುತ್ತುತ್ತಲೇ ಸಾಗುತ್ತವೆ ಎಂದು ಆತ ಗುರುತಿಸಿದ. ಅದೇ ತುಂಗಭದ್ರೆಯ ಮೇಲಣ ಪಾತ್ರದಲ್ಲಿ, ಹೊನ್ನಾಳಿ–ನ್ಯಾಮತಿ ಕಡೆಯ ದಂಡೆಗಳಲ್ಲಿ, ಮೀನುಗಾರರ ತೆಪ್ಪದ ಸ್ವಭಾವ ಇಂದಿಗೂ ಹಾಗೇ ಇದೆ. ಚರ್ಮದ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲವೋ ಫೈಬರೋ ಬಂತು, ಚುಕ್ಕಾಣಿ ಮಾತ್ರ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಅಂಬಿಗನ ಕೈಯ ಒಂದೇ ಹುಟ್ಟು ತೆಪ್ಪವನ್ನು ಮುಂದಕ್ಕೂ ಒಯ್ಯುತ್ತದೆ, ದಿಕ್ಕನ್ನೂ ತಿದ್ದುತ್ತದೆ.

ಒಬ್ಬರೇ ಕೂತು ನಡೆಸುವ ಸಪೂರ ದೋಣಿಯಾದ ಕಯಾಕ್‌ಗೂ ಮೂಲದಲ್ಲಿ ಚುಕ್ಕಾಣಿ ಇರಲಿಲ್ಲ. ಅದಕ್ಕೆ 12 ವೋಲ್ಟ್ ಬ್ಯಾಟರಿಯ ಪುಟ್ಟ ಮೋಟಾರು ಕಟ್ಟಿದಾಗ ತೊಡಕು ಶುರುವಾಗುತ್ತದೆ. ಹುಟ್ಟು ಹಾಕುತ್ತಿದ್ದ ಕೈಗೆ ಬಿಡುವು ಸಿಗುತ್ತದೆ, ಅದರ ಜೊತೆಗೇ ದಿಕ್ಕು ಕಾಯುವವರೂ ಇಲ್ಲವಾಗುತ್ತಾರೆ. ಅಂಗಡಿಯ ಚುಕ್ಕಾಣಿಗೆ ದುಡ್ಡು ಸುರಿಯಲು ಒಪ್ಪದ ಹವ್ಯಾಸಿಗಳು ಜಗತ್ತಿನ ಹಲವೆಡೆ ಅದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಸಾಮಾನ್ಯ ಮಾದರಿ ಸರಳವಾದದ್ದು: ಅಲ್ಯೂಮಿನಿಯಂ ತಗಡಿನ ಒಂದು ಅಲಗು, ಬಾಗಿಲಿನ ಕೀಲು, ಎರಡು ಹಗ್ಗ, ಕಾಲಲ್ಲಿ ಒತ್ತಲು ಎರಡು ಪೆಡಲು. ವೆಲ್ಡಿಂಗ್ ಶಾಪು, ಸೈಕಲ್ ಅಂಗಡಿ ಇರುವ ಯಾವ ತಾಲ್ಲೂಕು ಕೇಂದ್ರದಲ್ಲೂ ಇದು ಕೈಗೂಡುವ ಕೆಲಸ. ಆದರೆ ದಾವಣಗೆರೆ ಜಿಲ್ಲೆಯ ನೀರಿಗೆ ಈ ಮಾದರಿ ಎಷ್ಟು ಒಗ್ಗೀತು?

ಚುಕ್ಕಾಣಿ ಬೇಕೇ ಎಂಬುದನ್ನು ಮೊದಲು ಕೇಳಬೇಕು. ಕರಾವಳಿಯ ನಾಡದೋಣಿಗಳಲ್ಲಿ ಹಿಂಬದಿಯ ಎಂಜಿನ್ನನ್ನೇ ಹಿಡಿಕೆ ಹಿಡಿದು ತಿರುಗಿಸುತ್ತಾರೆ, ಅಲ್ಲಿ ಬೇರೆ ಅಲಗಿನ ಪ್ರಶ್ನೆಯೇ ಏಳುವುದಿಲ್ಲ. ಕಯಾಕ್‌ನಲ್ಲಿ ಸವಾರ ನಡುವೆ ಕೂರುತ್ತಾನೆ, ತುದಿಯ ಮೋಟಾರು ಅವನ ಬೆನ್ನ ಹಿಂದೆ ಕೈಗೆಟುಕದಷ್ಟು ದೂರದಲ್ಲಿರುತ್ತದೆ. ಮೋಟಾರನ್ನು ಪಕ್ಕಕ್ಕೆ ಕಟ್ಟಿದರೆ ದೋಣಿ ಸದಾ ಇನ್ನೊಂದು ಮಗ್ಗುಲಿಗೆ ಎಳೆಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಗಾಳಿ. ಮುಂದೆ ಸಾಗುತ್ತಿರುವ ಸಪೂರ ದೋಣಿಗೆ ಪಕ್ಕದಿಂದ ಗಾಳಿ ಬಡಿದರೆ ಹಿಂಬದಿ ಜಾರಿ ಮೂತಿ ಗಾಳಿಯತ್ತ ಹೊರಳುತ್ತದೆ. ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರ, ಹರಿದ್ರಾವತಿ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಶತಮಾನಗಳ ಹಿಂದೆ ಕಟ್ಟಿದ ಕೆರೆ. ತುಂಬಿದಾಗ ಅದರ ನೀರು ಸಾವಿರಾರು ಎಕರೆ ಹರಡುತ್ತದೆ. ಅಷ್ಟಗಲದ ಬಯಲುನೀರಿನಲ್ಲಿ ಆಷಾಢದ ಗಾಳಿಗೆ ತಡೆಯೆಂಬುದಿಲ್ಲ. ಇಂಥ ಕಡೆ ಚುಕ್ಕಾಣಿ ಶೋಕಿಯ ಸಾಮಾನಲ್ಲ.

ಆದರೆ ಮನೆಯಲ್ಲಿ ಮಾಡುವವರು ಅದನ್ನು ಅಳೆಯುವ ರೀತಿಯೇ ತಪ್ಪು. ದೋಣಿ ಎಷ್ಟು ಬೇಗ ತಿರುಗಿತು ಎಂದು ನೋಡುತ್ತಾರೆ, ಸಾಲದೆನಿಸಿದರೆ ಅಲಗನ್ನು ಇನ್ನಷ್ಟು ಅಗಲ ಮಾಡುತ್ತಾರೆ. ಅಲಗಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಗಂಟೆಗೆ ಐದಾರು ಕಿಲೋಮೀಟರ್ ಸಾಗುವ ದೋಣಿಯಲ್ಲಿ ಚಪ್ಪಟೆ ತಗಡನ್ನು 15–20 ಡಿಗ್ರಿಗಿಂತ ಹೆಚ್ಚು ಹೊರಳಿಸಿದರೆ ನೀರು ಅದರ ಬೆನ್ನಿನಿಂದ ಕಳಚಿಕೊಂಡು, ಅದು ತಿರುಗಿಸುವುದಕ್ಕಿಂತ ಹೆಚ್ಚಾಗಿ ಬ್ರೇಕಿನ ಕೆಲಸ ಮಾಡುತ್ತದೆ. ಅಗಲ ಕಡಿಮೆ ಮಾಡಿ ಆಳಕ್ಕೆ ಇಳಿಸಿದ ಅಲಗು ಅಷ್ಟೇ ತಗಡಿನಲ್ಲಿ ಹೆಚ್ಚು ಫಲ ಕೊಡುತ್ತದೆ. ಅದರ ಐದನೇ ಒಂದು ಭಾಗ ಕೀಲಿನ ಮುಂದಕ್ಕೆ ಚಾಚಿದ್ದರೆ ಪೆಡಲು ಒತ್ತುವ ಕಾಲಿಗೂ ಹಗುರ. ಒಳ್ಳೆಯ ಚುಕ್ಕಾಣಿಯ ಗುರುತು ಗಾಳಿಯಲ್ಲಿ ಅದನ್ನು ಎಷ್ಟು ಕಡಿಮೆ ಅಲುಗಾಡಿಸಬೇಕಾಯಿತು ಎಂಬುದರಲ್ಲಿದೆ.

ಅಲಗು ಮೋಟಾರಿನ ಪಂಖದ ಹಿಂದೆಯೇ ಕೂತರೆ ಪಂಖ ತಳ್ಳುವ ನೀರು ಅದಕ್ಕೆ ಬಡಿದು, ದೋಣಿ ನಿಂತಲ್ಲೇ ಇದ್ದರೂ ತಿರುವು ಸಿಗುತ್ತದೆ. ಇದು ನಿಜವಾದ ಅನುಕೂಲ. ಆದರೆ ಬ್ಯಾಟರಿ ಮುಗಿದ ಗಳಿಗೆಯಲ್ಲಿ ಆ ಬಲವೂ ಮುಗಿಯುತ್ತದೆ. ಹುಟ್ಟೊಂದನ್ನು ಒಳಗಿಟ್ಟುಕೊಳ್ಳದೆ ಚುಕ್ಕಾಣಿಯನ್ನೇ ನಂಬಿ ಕೆರೆಯ ನಡುವಿಗೆ ಹೋಗುವುದು ಅಪಾಯ.

ಬಾಗಿಲಿನ ಕೀಲು ಈ ಮಾದರಿಯ ಅತ್ಯಂತ ದುರ್ಬಲ ಅಂಗ. ಅದು ಸಡಿಲವಾಗುತ್ತದೆ, ತುಕ್ಕು ಹಿಡಿಯುತ್ತದೆ. ಪೆಡಲು ಒತ್ತಿದರೂ ಮೊದಲ ಒಂದೆರಡು ಡಿಗ್ರಿ ಆ ಸಡಿಲದಲ್ಲೇ ಕಳೆದುಹೋಗುತ್ತದೆ, ಸವಾರ ಎಡಬಲ ತಿದ್ದುತ್ತಲೇ ದಣಿಯುತ್ತಾನೆ. ಕೀಲಿನ ಬದಲಿಗೆ ಒಂದು ಸ್ಟೇನ್‌ಲೆಸ್ ಸರಳು, ಅದು ಬಿಗಿಯಾಗಿ ಕೂರುವ ಎರಡು ಪೈಪಿನ ತುಂಡು: ಇಷ್ಟಾದರೆ ಸಾಕು. ನೈಲಾನ್ ಹಗ್ಗ ಎಳೆದಾಗ ಹಿಗ್ಗುವುದರಿಂದ ಅದರ ಬದಲು ಸೈಕಲ್ ಬ್ರೇಕ್ ವೈರು ವಾಸಿ. ವೈರು ಎಳೆಯಬಲ್ಲದೇ ಹೊರತು ನೂಕಲಾರದು, ಆದ್ದರಿಂದ ಎಡಕ್ಕೊಂದು ಬಲಕ್ಕೊಂದು ಬೇಕೇ ಬೇಕು.

ಮನೆಯ ಕುಶಲತೆ ಅಂಗಡಿಯ ಸಾಮಾನಿಗೆ ಸರಿಸಮನಾಗಿ ನಿಲ್ಲುವುದು ಅಲಗನ್ನು ಮೇಲಕ್ಕೆ ಮಡಚಿಕೊಳ್ಳುವಂತೆ ಮಾಡಿದಾಗ. ಬೈಕಿನ ಹಳೆಯ ಟ್ಯೂಬಿನ ಪಟ್ಟಿ ಅಲಗನ್ನು ಕೆಳಗೆ ಎಳೆದು ಹಿಡಿದಿರುತ್ತದೆ, ಏನಾದರೂ ತಾಗಿದರೆ ಅಲಗು ಹಿಂದಕ್ಕೆ ಎದ್ದು, ದಾಟಿದ ಮೇಲೆ ಮತ್ತೆ ಇಳಿಯುತ್ತದೆ. ಬೇಸಿಗೆಯಲ್ಲಿ ಹೊನ್ನಾಳಿಯ ಹೊಳೆ ಇಳಿದಾಗ ಬಂಡೆಯೂ ಮರಳದಿಬ್ಬವೂ ನೀರಿನ ಅಂಚಿಗೇ ಬಂದಿರುತ್ತವೆ. ಜಗಳೂರಿನ ಸ್ಥಿತಿ ಇನ್ನೂ ಬೇರೆ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಆ ಬರದ ಸೀಮೆಯ ದೊಡ್ಡ ಆಸೆ. ವರ್ಷಗಟ್ಟಲೆ ಒಣಗಿದ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯುತ್ತದೆ, ನೀರು ಬಂದ ಮೇಲೆ ಅದರ ಬೊಡ್ಡೆಗಳು ಕಣ್ಣಿಗೆ ಬೀಳದಂತೆ ಮುಳುಗಿರುತ್ತವೆ. ಬಿಗಿಯಾಗಿ ಬೋಲ್ಟ್ ಹಾಕಿದ ಅಲಗು ಅಂಥ ಬೊಡ್ಡೆಗೆ ತಾಗಿದರೆ ತಗಡು ಬಾಗುವುದಷ್ಟೇ ಅಲ್ಲ, ಬೋಲ್ಟು ಹಿಡಿದ ದೋಣಿಯ ಹಿಂಬದಿಯೇ ಸೀಳೀತು. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಮಡಚದ ಚುಕ್ಕಾಣಿಯನ್ನು, ಅದರ ಉಳಿದ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಒಪ್ಪುವಂತಿಲ್ಲ.

ಟ್ಯೂಬಿನ ಪಟ್ಟಿಯಿಂದಲೂ ಬಗೆಹರಿಯದ ಒಂದು ತೊಂದರೆ ಉಳಿಯುತ್ತದೆ. ಜೊಂಡು, ಅಂತರಗಂಗೆಯ ಬೇರು ಬಂಡೆಯಂತೆ ಅಲಗನ್ನು ಎತ್ತುವುದಿಲ್ಲ, ಸುತ್ತಿಕೊಂಡು ಜೋತುಬೀಳುತ್ತವೆ. ಅಲಗಿನ ಮುಂದಂಚನ್ನು ಹಿಂದಕ್ಕೆ ಓರೆಯಾಗಿ ಕತ್ತರಿಸಿದರೆ ಬಹಳಷ್ಟು ಕಳೆ ಜಾರಿಹೋಗುತ್ತದೆ, ಆದರೆ ಓರೆ ಹೆಚ್ಚಿದಂತೆ ಆಳ ತಗ್ಗಿ ಗಾಳಿಯೆದುರಿನ ಹಿಡಿತವೂ ತಗ್ಗುತ್ತದೆ. ಸೂಳೆಕೆರೆಯ ನಡುನೀರಿಗೆ ನೇರ ಅಲಗು, ಕೆರೆಯಂಚಿನ ಜೊಂಡಿಗೆ ಓರೆ ಅಲಗು ಎಂದು ಎರಡನ್ನು ಮಾಡಿಟ್ಟುಕೊಂಡು ಅದೇ ಸರಳಿಗೆ ಬದಲಿಸಿ ಹಾಕುವುದು ಸದ್ಯಕ್ಕೆ ಇರುವ ದಾರಿ.