ರೂಮು ಯಾರದು, ನಗು ಯಾರದು

ಇಬ್ಬರು ಗಂಡಸರು. ಒಬ್ಬನಿಗೆ ಟವೆಲು ಮಡಿಸಿಯೇ ಇಡಬೇಕು. ಇನ್ನೊಬ್ಬ ಚಾ ಕುಡಿದ ಲೋಟವನ್ನು ಮೂರು ದಿನ ಕಿಟಕಿಯಲ್ಲೇ ಬಿಡುವವನು. ಬಾಡಿಗೆ ಹಂಚಿಕೊಳ್ಳಲೆಂದು ಒಂದೇ ರೂಮಿಗೆ ಬರುತ್ತಾರೆ, ಜಗಳಾಡುತ್ತಾರೆ, ಮುನ್ನೂರು ಪುಟ ದಾಟುವಷ್ಟರಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಇಂಗ್ಲಿಷಿನಲ್ಲಿ ಇಂಥ ಹಗುರ ಕಾದಂಬರಿಗಳು ಈಗ ರಾಶಿಗಟ್ಟಲೆ. ಪ್ರೀತಿಯನ್ನು ಬಿಟ್ಟು ಜಗಳವನ್ನಷ್ಟೇ ಇಟ್ಟುಕೊಂಡ ನೀಲ್ ಸೈಮನ್‌ನ 'ದಿ ಆಡ್ ಕಪಲ್' ನಾಟಕ 1965ರಲ್ಲೇ ಬಂದಿತ್ತು. ಕನ್ನಡದಲ್ಲಿ ಮಾತ್ರ ಅಂಥದೊಂದು ಕಾದಂಬರಿ ನನ್ನ ಓದಿಗೆ ಸಿಕ್ಕಿಲ್ಲ. ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಇದನ್ನು ಎತ್ತುವುದು ಕೆಲವು ಗೆಳೆಯರಿಗೆ ಚೇಷ್ಟೆ ಅನಿಸಬಹುದು. ಅನಿಸಲಿ.

ಕನ್ನಡದಲ್ಲಿ ಇದಕ್ಕೆ ಹತ್ತಿರ ಬರುವ ಪುಸ್ತಕ ವಸುಧೇಂದ್ರರ 'ಮೋಹನಸ್ವಾಮಿ'. 2013ರಲ್ಲಿ ಬಂತು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು 377ನೇ ಕಲಮನ್ನು ಎತ್ತಿಹಿಡಿಯಿತು. ಅದು ಸಲಿಂಗಪ್ರೇಮವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಪುಸ್ತಕ ಕಾದಂಬರಿಯಲ್ಲ, ಕಥೆಗಳ ಗೊಂಚಲು. ಹಗುರವಂತೂ ಅಲ್ಲ. ಮೋಹನಸ್ವಾಮಿಯೂ ಕಾರ್ತಿಕನೂ ಬೆಂಗಳೂರಿನಲ್ಲಿ ಒಂದೇ ಸೂರಿನಡಿ ಬದುಕಿದವರು. ಕಾರ್ತಿಕ ಹೆಣ್ಣೊಬ್ಬಳನ್ನು ಮದುವೆಯಾಗಿ ಹೊರಟುಹೋಗುತ್ತಾನೆ. 'ತಗಣಿ' ಕಥೆಯಲ್ಲಿ ಹಳ್ಳಿಯ ಹುಡುಗ ಕೊಲೆಯಾಗುತ್ತಾನೆ. ಕನ್ನಡ ಓದುಗ ಎರಡು ಗಂಡುಜೀವಗಳ ಪ್ರೀತಿಯನ್ನು ಒಪ್ಪಿಕೊಳ್ಳಬೇಕಾದರೆ ಮೊದಲು ಅಷ್ಟು ಕಣ್ಣೀರನ್ನು ಬಾಡಿಗೆಯ ಮುಂಗಡದಂತೆ ಕಟ್ಟಬೇಕಾಯಿತೇನೋ. ಈ ಮುಂಗಡದ ಲೆಕ್ಕ ನಮಗೂ ಗೊತ್ತಿರುವಂಥದ್ದೇ. ಆದುದರಿಂದ ಈ ಪುಸ್ತಕವನ್ನು 'ನಗರದ ಮೇಲ್ವರ್ಗದ ಗೋಳು' ಎಂದು ಪಕ್ಕಕ್ಕೆ ಸರಿಸುವವರ ಜೊತೆ ನಾನಿಲ್ಲ. ಹಾಗೆಯೇ 'ನೊಂದವರೆಲ್ಲ ಒಂದೇ' ಎಂದು ತಬ್ಬಿಕೊಳ್ಳುವವರ ಜೊತೆಯೂ ಇಲ್ಲ. ಈ ಎರಡನೆಯ ಮಾತು ಹೆಚ್ಚು ಅಪಾಯಕಾರಿ, ಯಾಕೆಂದರೆ ಅದು ಕೇಳಲಿಕ್ಕೆ ಚಂದ.

ನನ್ನ ಪ್ರಶ್ನೆ ಒರಟಾದದ್ದು. ಆ ರೂಮು ಸಿಕ್ಕಿದ್ದು ಹೇಗೆ?

ನಾನಿರುವುದು ಮಂಗಳೂರಿನ ಕೊಟ್ಟಾರದಲ್ಲಿ. ತೊಂಬತ್ತರ ದಶಕದಲ್ಲಿ ಇನ್ಫೋಸಿಸ್ ಇಲ್ಲಿಗೆ ಬಂದ ಮೇಲೆ ಚೌಕಿಯ ಆಸುಪಾಸಿನಲ್ಲಿ ಬಾಡಿಗೆ ರೂಮು ಹುಡುಕುವ ಹುಡುಗರು ಹೆಚ್ಚಾದರು. ಜೋರು ಮಳೆ ಬಂದರೆ ಚೌಕಿಯಲ್ಲಿ ಮೊಣಕಾಲುದ್ದ ನೀರು. ಆದರೂ ಇಲ್ಲಿ ರೂಮು ಸಿಗುವುದು ಕಷ್ಟ. ನಾನೂ ನನ್ನ ಜೊತೆಗಾರನೂ ಹುಡುಕಿಕೊಂಡು ಹೋದ ಒಂದು ಮನೆಯ ಯಜಮಾನರು ಬಹಳ ಸೌಮ್ಯವಾಗಿ ಮಾತಾಡಿದರು. 'ನಿಮ್ಮದು ಊರು ಎಲ್ಲಿ ಆಯ್ತು?' ಹೇಳಿದೆ. 'ಅಲ್ಲಿ ಯಾರ ಮನೆ?' ಹೇಳಿದೆ. ಆಮೇಲೆ ತುಳುವಿಗೆ ಇಳಿದು 'ಬರಿ' ಯಾವುದೆಂದು ಕೇಳಿದರು. ಹೊರಗಿನ ಓದುಗರಿಗೆ ಹೇಳಬೇಕು: ಬರಿ ಎಂದರೆ ಕುಲದ ಬಳ್ಳಿ, ತುಳುನಾಡಿನಲ್ಲಿ ಮದುವೆ ಮಾತುಕತೆಗೆ ಬೇಕಾಗುವ ವಿಷಯ. ಬಾಡಿಗೆಗೆ ಯಾಕೆ ಬೇಕು ಅಂತ ಕೇಳುವ ಧೈರ್ಯ ನನಗಿರಲಿಲ್ಲ. 'ಮನೆಯವರ ಹತ್ರ ಒಂದು ಮಾತು ಕೇಳಿ ಹೇಳ್ತೇನೆ ಆಯ್ತಾ' ಅಂದರು. ಇನ್ನೂ ಹೇಳಿಲ್ಲ.

ನನ್ನ ಜೊತೆಗಾರನಿಗೆ ಎರಡೇ ದಿನದಲ್ಲಿ ಬೇರೆ ಕಡೆ ರೂಮು ಆಯಿತು. ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಹೊಂದದ ಇಬ್ಬರು ರೂಮ್‌ಮೇಟುಗಳ ಕಥೆಗೆ ನಾವಿಬ್ಬರೂ ಅರ್ಹರೇ ಆಗಿದ್ದೆವು: ಅವನು ಐದು ಗಂಟೆಗೆ ಏಳುವವನು, ನಾನು ಆ ಹೊತ್ತಿಗೆ ಮಲಗುವವನು. ಆದರೆ ನಮ್ಮ ಕಥೆ ಮೆಟ್ಟಿಲಲ್ಲೇ ಮುಗಿಯಿತು.

ಬಾಡಿಗೆ ಮನೆಯ ಕಷ್ಟವನ್ನು ಹಾಸ್ಯ ಮಾಡಿದ ಸಿನಿಮಾ ಒಂದುಂಟು. ಮರಾಠಿಯ 'ಅಶೀ ಹೀ ಬನವಾಬನವೀ' 1988ರದ್ದು. ಕನ್ನಡಕ್ಕೆ 'ಓಳು ಸಾರ್ ಬರೀ ಓಳು' ಆಗಿ 2003ರಲ್ಲಿ ಬಂತು. ರೂಮು ಸಿಗಲೆಂದು ಗಂಡಸರು ಸೀರೆ ಉಟ್ಟು ಹೆಂಡಿರಾಗುತ್ತಾರೆ. ನಾವು ಹೊಟ್ಟೆ ಹಿಡಿದು ನಕ್ಕೆವು. ಗಂಡು ಹೆಣ್ಣಾಗುವುದಕ್ಕೆ ಒಂದು ಸೀರೆ ಸಾಕು ಎಂದು ನಂಬುವ ಮನೆಯೊಡತಿ ಅಲ್ಲಿದ್ದಳು. ಬರಿ ಕೇಳುವವರ ಮುಂದೆ ಉಡುವ ಸೀರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮೋಹನಸ್ವಾಮಿಯ ಕಥೆಗಳಲ್ಲಿ ನಾನು ಕಂಡ ಭಯ ಬಾಗಿಲು ಹಾಕಿಕೊಂಡ ಮೇಲಿನದು: ಯಾರಿಗೆ ಗೊತ್ತಾದೀತು, ಯಾರು ಬಿಟ್ಟುಹೋದಾರು. ಬಾಗಿಲು ತೆರೆಯುವ ಮೊದಲಿನ ಭಯದ ಕಥನವೇ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ವಿಮರ್ಶೆಯಲ್ಲ. ಎರಡೂ ಭಯವನ್ನು ಒಟ್ಟಿಗೆ ಹೊತ್ತ ಹುಡುಗನೊಬ್ಬ ಇರಬಹುದೆಂದು ಊಹಿಸದೇ ಇರುವುದಂತೂ ಅಲ್ಲವೇ ಅಲ್ಲ.

ಇಲ್ಲಿ ನಮ್ಮ ಕಡೆಗೂ ತಿರುಗಬೇಕು. ದಲಿತ-ಬಂಡಾಯದ ವಿಮರ್ಶೆ ಎಪ್ಪತ್ತರ ದಶಕದಿಂದ ಸಿಟ್ಟನ್ನು ಒಂದು ಮೌಲ್ಯವಾಗಿ ಕಟ್ಟಿತು. ಅದು ಬೇಕಿತ್ತು. ಆದರೆ ಸಿಟ್ಟಿಲ್ಲದ್ದು ನಮ್ಮದಲ್ಲ ಎಂಬ ಯಜಮಾನಿಕೆಯೂ ಅದರ ಬೆನ್ನಿಗೇ ಬಂತು, ಆ ಸಿಟ್ಟಿನ ಮೈ ಬಹುತೇಕ ಗಂಡಿನ ಮೈ. ನಮ್ಮ ದೊಡ್ಡ ಲೇಖಕರು ಹಾಗೆ ಬರೆದವರಲ್ಲ ಎನ್ನುವುದೇ ತಮಾಷೆ. 'ಕುಸುಮಬಾಲೆ'ಯಲ್ಲಿ ಜಾತಿ ಮೀರಿದ ಪ್ರೀತಿಗೆ ಚನ್ನ ಕೊಲೆಯಾಗುತ್ತಾನೆ, ನಿಜ. ಆದರೆ ಅದೇ ದೇವನೂರರ 'ಒಡಲಾಳ'ದಲ್ಲಿ ಕದ್ದು ತಂದ ಕಡಲೆಕಾಯಿ ಮೂಟೆಯನ್ನು ಸಾಕವ್ವನ ಮನೆಯವರೆಲ್ಲ ಒಲೆಯ ಸುತ್ತ ಕೂತು ರಾತ್ರೋರಾತ್ರಿ ತಿಂದು ಮುಗಿಸುವ ಆ ಪುಟಗಳಿವೆಯಲ್ಲ, ಅಷ್ಟು ಸುಖದ ರಾತ್ರಿ ಕನ್ನಡದಲ್ಲಿ ಎಷ್ಟು ಕಡೆ ಇದೆ? ಪೊಲೀಸರು ಬರುವುದು ಆಮೇಲೆ. ಸಿದ್ದಲಿಂಗಯ್ಯನವರ 'ಊರುಕೇರಿ'ಯಲ್ಲಿ ಹಾಸ್ಟೆಲಿನ ಹಸಿವೂ ನಗುವಾಗಿ ಬರುತ್ತದೆ. ಹಾಸ್ಟೆಲು! ಹೊಂದದ ಹುಡುಗರು ಚಾಪೆಗೆ ಚಾಪೆ ತಾಗಿಸಿ ಮಲಗಿ ಬೆಳೆದ ನಮ್ಮ ರೂಮು ಅದೇ ಅಲ್ಲವೇ? ಇಲ್ಲಿಂದ ಬಹಳ ದೂರವೇನಲ್ಲ, ಉರ್ವದ ಚಿಲಿಂಬಿಯಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ. ಅಲ್ಲಿಂದ ಇಲ್ಲಿಯ ತನಕ ಸರಕಾರಿ, ಖಾಸಗಿ ಹಾಸ್ಟೆಲುಗಳಲ್ಲಿ ಎಷ್ಟು ತಲೆಮಾರು ಮಲಗಿ ಎದ್ದಿದೆ. ಅಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು ಪ್ರೀತಿಸಲೇ ಇಲ್ಲವೇ?

ಪ್ರೀತಿಸಿದ್ದಾನೆ. ಬರೆದೂ ಇದ್ದಾನೆ. ಕೆಲವು ವರ್ಷಗಳ ಹಿಂದೆ ಪದವಿ ಓದುತ್ತಿದ್ದ ಹುಡುಗನೊಬ್ಬ ಇನ್ನೂರು ಪುಟದ ನೋಟುಬುಕ್ಕು ತಂದುಕೊಟ್ಟ. 'ಸರ್, ನೀವು ಒಮ್ಮೆ ನೋಡ್ಬೇಕು.' ಹಾಸ್ಟೆಲಿನ ಒಂದೇ ಕೋಣೆಯ ಇಬ್ಬರು. ಒಬ್ಬ ಮೀನಿಲ್ಲದೆ ಉಣ್ಣದ ಕರಾವಳಿಯವ, ಇನ್ನೊಬ್ಬ ಮೀನಿನ ವಾಸನೆಗೇ ಓಡುವ ಬಯಲುಸೀಮೆಯ ರೊಟ್ಟಿಯವ. ನೀರಿನ ಬಕೆಟಿಗೆ ಜಗಳ, ಫ್ಯಾನಿಗೆ ಜಗಳ, ವಾರ್ಡನ್ನಿನ ಕಣ್ಣು ತಪ್ಪಿಸಿ ಇಬ್ಬರೂ ಪಣಂಬೂರು ಬೀಚಿಗೆ ಹೋಗಿ ಬಂದದ್ದು. ಕೊನೆಯಲ್ಲಿ ಯಾರೂ ಸಾಯುವುದಿಲ್ಲ. ಯಾರೂ ಮದುವೆಯಾಗಿ ಹೋಗುವುದೂ ಇಲ್ಲ.

ನಾನು ಓದುತ್ತ ಎರಡು ಕಡೆ ಜೋರಾಗಿ ನಕ್ಕಿದ್ದೆ. ಆದರೆ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದದ್ದು ಬೇರೆ: 'ಸಾಮಾಜಿಕ ಸಂಘರ್ಷ ಗಟ್ಟಿಯಾಗಬೇಕು. ಜಾತಿಯ ನೋವು ಎಲ್ಲಿ?' ಅವನು ಓದಿದ, 'ಆಯ್ತು ಸರ್' ಅಂದ, ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಂಡ. ಜಾತಿ ಆ ಪುಸ್ತಕದ ಪ್ರತಿ ಪುಟದಲ್ಲಿತ್ತು. ಹಾಸ್ಟೆಲಿನ ಗೋಡೆಯೇ ಅದು. ಆ ಗೋಡೆಗೆ ಒರಗಿ ಇಬ್ಬರು ನಗುತ್ತಿದ್ದರು ಅಷ್ಟೆ. ಮನೆ ಯಜಮಾನರು ನನ್ನ ಹತ್ತಿರ ಬರಿ ಕೇಳಿದ ಹಾಗೆ ನಾನು ಅವನ ಹತ್ತಿರ ನೋವು ಕೇಳಿದ್ದೆ.

ಆಮೇಲೆ ಅವನು ಇನ್ನೇನನ್ನೂ ತಂದು ತೋರಿಸಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಅಂತ ಯಾರೋ ಹೇಳಿದರು. ಈ ಸಂಚಿಕೆ ಅವನ ಕೈಗೆ ಸಿಕ್ಕಿದರೆ ನೋಟುಬುಕ್ಕು ಇನ್ನೂ ಉಂಟಾ ಅಂತ ಒಂದು ಸಾಲು ಬರೆದು ತಿಳಿಸಲಿ. ಪೆನ್ಸಿಲಿನ ಬರಹ, ರಬ್ಬರಿನಿಂದ ಹೋಗುತ್ತದೆ.