ಪಿಕ್ಸೆಲ್ ಮುಟ್ಟದ ಪೈಥಾನ್ ಪಾಠ

ಅಲ್ ಸ್ವೈಗಾರ್ಟ್ ಬರೆದ ‘ಆಟೋಮೇಟ್ ದಿ ಬೋರಿಂಗ್ ಸ್ಟಫ್ ವಿತ್ ಪೈಥಾನ್’ ಪುಸ್ತಕದ ಮೊದಲ ಆವೃತ್ತಿ ಬಂದಿದ್ದು 2015ರಲ್ಲಿ. ಅದರ 17ನೇ ಅಧ್ಯಾಯ ಪೂರ್ತಿ ಚಿತ್ರಗಳ ಬಗ್ಗೆ. ಪಿಲ್ಲೋ ಅನ್ನೋ ಲೈಬ್ರರಿ ಇಟ್ಕೊಂಡು ಲೇಖಕ ತನ್ನ ಬೆಕ್ಕಿನ ಫೋಟೋವನ್ನ ಕತ್ತರಿಸ್ತಾನೆ, ತಿರುಗಿಸ್ತಾನೆ, ಕುಗ್ಗಿಸ್ತಾನೆ, ಕೊನೆಗೆ ಫೋಲ್ಡರಿನಲ್ಲಿರೋ ಅಷ್ಟೂ ಫೋಟೋಗಳ ಮೂಲೆಗೆ ಲೋಗೋ ಅಂಟಿಸೋ ಪ್ರೋಗ್ರಾಂ ಬರೀತಾನೆ. ನಮ್ಮ ವಿಟಿಯು 2022ರ ಸ್ಕೀಮಿನಲ್ಲಿ ಮೊದಲ ವರ್ಷದ ಪೈಥಾನ್ ಪೇಪರಿಗೆ ಇದೇ ಪುಸ್ತಕವನ್ನ ಪಠ್ಯ ಮಾಡಿದೆ. ಲಿಸ್ಟು, ಡಿಕ್ಷನರಿ, ಸ್ಟ್ರಿಂಗು, ಫೈಲು, ಡೀಬಗ್ಗಿಂಗ್‌ವರೆಗೂ ಈ ಪುಸ್ತಕದ ಜೊತೆ ಹೋಗೋ ಸಿಲಬಸ್ಸು, ಆಮೇಲೆ ಕ್ಲಾಸು, ಆಬ್ಜೆಕ್ಟು ಅಂತ ಇನ್ನೊಂದು ಪುಸ್ತಕಕ್ಕೆ ಹಾರುತ್ತೆ. ಬೆಕ್ಕಿನ ಅಧ್ಯಾಯ ಹೊರಗೇ ಉಳಿಯುತ್ತೆ.

ಇನ್ನೊಂದು ಕಡೆ 2021ರ ಸ್ಕೀಮಿನ ಆರನೇ ಸೆಮಿಸ್ಟರಿನ ‘ಕಂಪ್ಯೂಟರ್ ಗ್ರಾಫಿಕ್ಸ್ ಅಂಡ್ ಇಮೇಜ್ ಪ್ರೋಸೆಸಿಂಗ್’ ಲ್ಯಾಬ್ ನೋಡಿ. ಹನ್ನೆರಡು ಪ್ರೋಗ್ರಾಂಗಳು. ಬ್ರೆಸೆನ್‌ಹ್ಯಾಮ್ ಗೆರೆಯಿಂದ ಶುರುವಾಗಿ ಮುಖ ಹುಡುಕೋದರಲ್ಲಿ ಮುಗಿಯುತ್ತೆ. ಎರಡೂ ಬೇರೆ ಬೇರೆ ಬ್ಯಾಚಿನವು, ಒಂದರ ಮುಂದುವರಿಕೆ ಇನ್ನೊಂದಲ್ಲ. ಆದರೆ ಪಕ್ಕಪಕ್ಕ ಇಟ್ಟು ಓದಿದರೆ ಒಂದು ವಿಷಯ ಗೊತ್ತಾಗುತ್ತೆ: ಚಿತ್ರ ಅನ್ನೋದು ಕಲಿಯೋಕೆ ದಾರಿ ಅಂತ ನಮ್ಮಲ್ಲಿ ಯಾರೂ ಅಂದುಕೊಂಡಿಲ್ಲ. ಅದು ಕಲಿತಾದ ಮೇಲೆ ಸಿಗೋ ಸಿಹಿ. ನನ್ನ ತಕರಾರು ಇರೋದು ಇಲ್ಲೇ.

ಯಲಹಂಕ ನ್ಯೂ ಟೌನಿನಲ್ಲಿ ನಾವಿರೋ ಬೀದಿಯಲ್ಲಿ ಮೂರು ಪಿಜಿಗಳಿವೆ. ತುಮಕೂರು, ಹಾಸನ, ರಾಯಚೂರು ಕಡೆಯ ಇಂಜಿನಿಯರಿಂಗ್ ಹುಡುಗರು. ನಾನು ಸಾಫ್ಟ್‌ವೇರಿನವನು ಅಂತ ಗೊತ್ತಾದ ಮೇಲೆ ಪರೀಕ್ಷೆ ಹತ್ತಿರ ಬಂದಾಗ ಲ್ಯಾಪ್‌ಟಾಪ್ ಹಿಡ್ಕೊಂಡು ಬರ್ತಾರೆ. ಅವರ ಹತ್ತಿರ ಲ್ಯಾಬ್ ಮ್ಯಾನ್ಯುಯಲ್ ಇರುತ್ತೆ, ಪ್ರೋಗ್ರಾಂ ಓಡ್ತಾನೂ ಇರುತ್ತೆ. ಕೇಳೋ ಪ್ರಶ್ನೆ ಒಂದೇ: ‘ಅಣ್ಣ, ವೈವಾದಲ್ಲಿ ಏನು ಕೇಳಬಹುದು?’

ಓಡೋ ಪ್ರೋಗ್ರಾಂ ಇಟ್ಕೊಂಡು ಅದು ಏನು ಮಾಡ್ತಿದೆ ಅಂತ ಗೊತ್ತಿಲ್ಲದಿರೋದು ಅವರ ಸೋಮಾರಿತನ ಅಂತ ನನಗೆ ಅನ್ನಿಸಲ್ಲ. ಏಳನೇ ಪ್ರೋಗ್ರಾಮನ್ನೇ ತಗೊಳ್ಳಿ. ಒಂದು ಚಿತ್ರವನ್ನ ನಾಲ್ಕು ಕ್ವಾಡ್ರಂಟ್ ಮಾಡಿ ಮೇಲೆ, ಕೆಳಗೆ, ಬಲ, ಎಡ ಅಂತ ತೋರಿಸಬೇಕಂತೆ. ಒಂದು ಹಾಳೆಯನ್ನ ಅಡ್ಡ ಒಂದು ಸಲ, ಉದ್ದ ಒಂದು ಸಲ ಮಡಚಿ ಬಿಚ್ಚಿ ನೋಡಿ. ಸಿಗೋದು ಮೇಲೆಡ, ಮೇಲ್ಬಲ, ಕೆಳಗೆಡ, ಕೆಳಬಲ. ಬರೀ ‘ಮೇಲೆ’ ಅನ್ನೋ ಕ್ವಾಡ್ರಂಟ್ ಎಲ್ಲಿದೆ? ಪ್ರಶ್ನೆಯೇ ಗೊಂದಲದಲ್ಲಿದೆ. ನನ್ನ ಹತ್ತಿರ ಬಂದ ಹುಡುಗರಲ್ಲಿ ಒಬ್ಬನೂ ಇದನ್ನ ಎತ್ತಲಿಲ್ಲ. ಯಾಕಂದ್ರೆ ಉತ್ತರ ಆಗಲೇ ಮ್ಯಾನ್ಯುಯಲ್‌ನಲ್ಲಿದೆ. ಉತ್ತರ ಸಿಕ್ಕಮೇಲೆ ಪ್ರಶ್ನೆಯನ್ನ ಯಾರು ಓದ್ತಾರೆ?

ಹಾಗಂತ ‘ನಮ್ಮ ಕಾಲದಲ್ಲಿ’ ಅಂತ ಶುರು ಮಾಡೋ ಉದ್ದೇಶ ನನಗಿಲ್ಲ. ನಾವು ಓದುವಾಗ ಇದೇ ಲ್ಯಾಬ್ ಸಿ ಮತ್ತು ಓಪನ್‌ಜಿಎಲ್‌ನಲ್ಲಿತ್ತು. ಟೇಬಲ್ ಮೇಲೆ ಟೀ ಪಾಟ್ ಇಡೋದು, ಮನೆ ಆಕಾರ ಬರೆದು ಒಂದು ಬಿಂದುವಿನ ಸುತ್ತ ತಿರುಗಿಸೋದು. ಆಗಲೂ ಕಾಪಿ ಇತ್ತು. ಆದರೆ ಮನೆ ತಿರುಗಿಸಬೇಕಾದ್ರೆ ಮೊದಲು ಆ ಬಿಂದುವನ್ನ ಮೂಲಕ್ಕೆ ಎಳ್ಕೊಂಡು ಬಂದು, ತಿರುಗಿಸಿ, ವಾಪಸ್ ಒಯ್ಯಬೇಕು ಅನ್ನೋ ಮೂರು ಹೆಜ್ಜೆ ಕೋಡಿನಲ್ಲಿ ಕಣ್ಣಿಗೆ ಕಾಣ್ತಿತ್ತು. ಈಗ ಓಪನ್‌ಸಿವಿಯಲ್ಲಿ ಆ ಮೂರೂ ಹೆಜ್ಜೆ ಒಂದೇ ಫಂಕ್ಷನ್ನಿನ ಹೊಟ್ಟೆಯಲ್ಲಿ. ಮ್ಯಾಟ್ರಿಕ್ಸ್ ಅದೇ ಕೊಡುತ್ತೆ, ಇನ್ನೊಂದು ಸಾಲು ಚಿತ್ರ ತಿರುಗಿಸುತ್ತೆ. 45 ಡಿಗ್ರಿ ತಿರುಗಿಸಿದ ಕೂಡಲೇ ಫೋಟೋದ ನಾಲ್ಕೂ ಮೂಲೆ ಕತ್ತರಿಸಿ ಹೋಗಿರುತ್ತೆ. ಯಾಕೆ ಅಂತ ಕೇಳಿದರೆ ಹುಡುಗ ನನ್ನನ್ನೇ ನೋಡ್ತಾನೆ. ಚಿತ್ರ ತಿರುಗಿತು, ಚೌಕಟ್ಟು ಮಾತ್ರ ಹಳೇ ಅಳತೆಯಲ್ಲೇ ಉಳೀತು ಅಂತ ಹೇಳೋಕೆ ಗಣಿತವೂ ಬೇಡ, ಆದರೆ ಚೌಕಟ್ಟು ಅಂತ ಒಂದಿದೆ ಅನ್ನೋದು ಗೊತ್ತಿರಬೇಕು.

ಚಿತ್ರ ಅಂದ್ರೆ ಅಂಕಿಗಳ ಗದ್ದೆ. ಸಾಲು ಇದೆ, ಸಾಲಿನಲ್ಲಿ ಮಡಿ ಇದೆ, ಪ್ರತಿ ಮಡಿಯಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ, 0ಯಿಂದ 255ರವರೆಗೆ. ಇಷ್ಟು ತಿಳಿಯೋಕೆ ಆರನೇ ಸೆಮಿಸ್ಟರ್ ಬೇಕಿಲ್ಲ. ಲೂಪ್ ಒಳಗೆ ಲೂಪ್ ಕಲಿಸೋ ವಾರದಲ್ಲೇ ಇದನ್ನ ಕಲಿಸಬಹುದು. ನಕ್ಷತ್ರ ಚಿಹ್ನೆಗಳ ಪಿರಮಿಡ್ ಪ್ರಿಂಟ್ ಮಾಡಿಸೋ ಬದಲು 200ಕ್ಕೆ 200ರ ಒಂದು ಪುಟ್ಟ ಫೋಟೋ ಕೊಡಿ. 40,000 ಪಿಕ್ಸೆಲ್. ಪ್ರತಿಯೊಂದನ್ನೂ ಮುಟ್ಟಿ ಕಪ್ಪುಬಿಳುಪು ಮಾಡು ಅನ್ನಿ.

ಹುಡುಗರು ಮೊದಲು ಮೂರೂ ಬಣ್ಣ ಕೂಡಿಸಿ ಮೂರರಿಂದ ಭಾಗಿಸ್ತಾರೆ. ಸರಿಯೇ. ಹಾಗೆ ಮಾಡಿದರೆ ಅಚ್ಚ ಹಸಿರೂ 85 ಆಗುತ್ತೆ, ಅಚ್ಚ ನೀಲಿಯೂ 85 ಆಗುತ್ತೆ. ಎರಡೂ ಒಂದೇ ಬೂದು. ಆದರೆ ನಮ್ಮ ಕಣ್ಣಿಗೆ ಹಸಿರು ಬೆಳಗಾಗಿ, ನೀಲಿ ಕಪ್ಪಾಗಿ ಕಾಣುತ್ತೆ. ಅದಕ್ಕೇ ಲೈಬ್ರರಿ ಕೆಂಪಿನ 0.299, ಹಸಿರಿನ 0.587, ನೀಲಿಯ 0.114 ಪಾಲು ತಗೊಳ್ಳುತ್ತೆ. ಆಗ ಹಸಿರು 150, ನೀಲಿ 29. ಈ ಅಂಕಿಗಳು ಮೊದಲ ಬಾರಿಗೆ ಹುಡುಗನಿಗೆ ಒಂದು ದೊಡ್ಡ ವಿಷಯ ಹೇಳ್ತವೆ: ಕೋಡಿನಲ್ಲಿರೋ ಸಂಖ್ಯೆ ಆಕಾಶದಿಂದ ಬಿದ್ದಿದ್ದಲ್ಲ, ಮನುಷ್ಯನ ಕಣ್ಣನ್ನ ಅಳೆದು ಇಟ್ಟಿದ್ದು. ಒಂದೇ ಸಾಲಿನಲ್ಲಿ ಗ್ರೇ ಮಾಡೋದನ್ನ ಕಲಿತವನಿಗೆ ಈ ಮಾತು ಸಿಗೋದೇ ಇಲ್ಲ.

ಹಾಗೇ ಬೆಳಕು ಹೆಚ್ಚಿಸೋದು. ನಮ್‌ಪೈನಲ್ಲಿ ಎಂಟು ಬಿಟ್ಟಿನ ಪಿಕ್ಸೆಲ್ 200 ಇದ್ದಾಗ 100 ಕೂಡಿಸಿದರೆ 300 ಆಗಲ್ಲ, 44 ಆಗುತ್ತೆ. ಹಳೇ ಸ್ಕೂಟರಿನ ಮೀಟರ್ ಸೊನ್ನೆಗೆ ಸುತ್ತಿ ಬಂದ ಹಾಗೆ. ಬಿಳಿ ಮೋಡ ಇದ್ದಕ್ಕಿದ್ದಂಗೆ ಕಪ್ಪಾಗುತ್ತೆ. ಓಪನ್‌ಸಿವಿಯ ಕೂಡೋ ಫಂಕ್ಷನ್ ಬಳಸಿದರೆ 255ಕ್ಕೆ ನಿಲ್ಲುತ್ತೆ. ಡೇಟಾ ಟೈಪ್ ಬಗ್ಗೆ ಬೋರ್ಡ್ ತುಂಬ ಬರೆದರೂ ತಲೆಗೆ ಹೋಗದ ಪಾಠ ಈ ಕಪ್ಪು ಮೋಡದಲ್ಲಿದೆ.

ಕನ್ನಡ ಮೀಡಿಯಂ ಶಾಲೆಯಿಂದ ಬಂದವನಾಗಿ ನನಗೆ ಇದು ಬರೀ ಬೋಧನಾ ತಂತ್ರದ ವಿಷಯ ಅಲ್ಲ. ಪೈಥಾನ್ ತಪ್ಪು ಹೇಳೋದು ಇಂಗ್ಲಿಷಿನಲ್ಲಿ. ಮೊದಲ ವರ್ಷದಲ್ಲಿ ಹಳ್ಳಿ ಹುಡುಗ ಎರಡು ಕಡೆ ಹೋರಾಡ್ತಾನೆ: ಒಂದು ತರ್ಕದ ಜೊತೆ, ಇನ್ನೊಂದು ಆ ಕೆಂಪು ಅಕ್ಷರದ ಸಾಲುಗಳ ಜೊತೆ. ಚಿತ್ರದಲ್ಲಿ ತಪ್ಪಾದರೆ ಭಾಷೆ ಬೇಕಿಲ್ಲ, ಕಾಣುತ್ತೆ. ಓಪನ್‌ಸಿವಿ ಬಣ್ಣಗಳನ್ನ ನೀಲಿ, ಹಸಿರು, ಕೆಂಪು ಅನ್ನೋ ಕ್ರಮದಲ್ಲಿ ಓದುತ್ತೆ. ತೋರಿಸೋ ಮ್ಯಾಟ್‌ಪ್ಲಾಟ್‌ಲಿಬ್ ಕೆಂಪಿನಿಂದ ಶುರು ಮಾಡುತ್ತೆ. ನಡುವೆ ಅದಲುಬದಲು ಮಾಡೋದು ಬಿಟ್ಟರೆ ಮನುಷ್ಯರೆಲ್ಲ ನೀಲಿ. ಇದನ್ನ ನೋಡಿದವನು ನಗ್ತಾನೆ, ಆಮೇಲೆ ಹುಡುಕ್ತಾನೆ. ಮೊದಲ ವರ್ಷದಲ್ಲೇ ಇಂಥ ತಪ್ಪು ಸಿಕ್ಕಿದ್ದರೆ ನನ್ನ ಜೊತೆ ಓದಿದ ಎಷ್ಟೋ ಜನ ಪ್ರೋಗ್ರಾಮಿಂಗ್ ಅಂದ್ರೆ ಹೆದರ್ತಿರಲಿಲ್ಲ.

ಗ್ರಾಫಿಕ್ಸ್ ವಿಷಯದಲ್ಲಂತೂ ನಮ್ಮ ಅಂಗಳದಲ್ಲೇ ಸಾಮಾನಿದೆ. ಪೈಥಾನಿನ ಜೊತೆಗೇ ಬರೋ ಟರ್ಟಲ್ ಮಾಡ್ಯೂಲಿನ ಮೂಲ 1967ರ ಲೋಗೋ ಭಾಷೆ. ಸೇಮೋರ್ ಪೇಪರ್ಟ್ ಮತ್ತು ಗೆಳೆಯರು ಮಕ್ಕಳಿಗಾಗಿ ಮಾಡಿದ್ದು. ಆಮೆ ಮುಂದೆ ಹೋಗುತ್ತೆ, ತಿರುಗುತ್ತೆ, ಗೆರೆ ಬಿಡುತ್ತೆ. ಚುಕ್ಕಿ ಇಟ್ಟು ಗೆರೆ ಸುತ್ತೋ ರಂಗೋಲಿ ಇದಕ್ಕಿಂತ ಬೇರೆ ಏನು? ಪಕ್ಕದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಿಫ್ಟ್ ಸಿರೋಮನಿ ಇದನ್ನ ಗಂಭೀರವಾಗಿ ತಗೊಂಡರು. ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಜೊತೆ ಸೇರಿ ಕೋಲಂ ಬಿಡಿಸೋಕೆ ವ್ಯಾಕರಣ ಬರೆದರು. ಆ ಪ್ರಬಂಧ 1974ರಲ್ಲಿ ಪ್ರಕಟವಾದ ಪತ್ರಿಕೆಯ ಹೆಸರು ‘ಕಂಪ್ಯೂಟರ್ ಗ್ರಾಫಿಕ್ಸ್ ಅಂಡ್ ಇಮೇಜ್ ಪ್ರೋಸೆಸಿಂಗ್’. ಅಂದ್ರೆ ಸರಿಯಾಗಿ ನಮ್ಮ ಲ್ಯಾಬಿನ ಹೆಸರೇ. ಅಮ್ಮ ಬಾಗಿಲಲ್ಲಿ ಹಾಕೋ ರಂಗೋಲಿ ಆ ವಿಷಯದ ಪತ್ರಿಕೆಯೊಳಗೆ ಹೋಗಿ ಐವತ್ತು ವರ್ಷ ದಾಟಿದೆ, ನಮ್ಮ ಲ್ಯಾಬ್ ಪಟ್ಟಿಯೊಳಗೆ ಇನ್ನೂ ಬಂದಿಲ್ಲ.

ಬದಲಿಗೆ ಏನಿದೆ? ಲೀನಾ ಫೋಟೋ. 1972ರ ಪ್ಲೇಬಾಯ್ ಪತ್ರಿಕೆಯಿಂದ ಸ್ಕ್ಯಾನ್ ಮಾಡಿದ ಆ ಹ್ಯಾಟಿನ ಹುಡುಗಿ, 512ಕ್ಕೆ 512, ದಶಕಗಳ ಕಾಲ ಇಮೇಜ್ ಪ್ರೋಸೆಸಿಂಗಿನ ‘ಮಾದರಿ ಚಿತ್ರ’. ಐಇಇಇ ಕಂಪ್ಯೂಟರ್ ಸೊಸೈಟಿ 2024ರ ಏಪ್ರಿಲ್‌ನಿಂದ ಆ ಚಿತ್ರ ಇರೋ ಲೇಖನಗಳನ್ನ ತಗೊಳ್ಳೋದು ನಿಲ್ಲಿಸಿತು. ನನ್ನ ಹತ್ತಿರ ಬರೋ ಮ್ಯಾನ್ಯುಯಲ್‌ಗಳಲ್ಲಿ ಅವಳು ಇನ್ನೂ ಇದ್ದಾಳೆ. ಹೆಬ್ಬಾಳ ಫ್ಲೈಓವರಿನ ಫೋಟೋ ತಗೊಂಡು ಎಡ್ಜ್ ಹುಡುಕಿಸಿ ನೋಡಿ, ಗೆರೆಗೇನು ಬರ ಇಲ್ಲ. ಕಾಂಟೂರ್ ಪ್ರೋಗ್ರಾಮಿಗೆ ಅಂಗಳದಲ್ಲಿ ಒಣಗೋಕೆ ಹಾಕಿದ ಅಡಿಕೆ ಫೋಟೋ ಕೊಡಿ, ಎಷ್ಟಿವೆ ಎಣಿಸು ಅನ್ನಿ. ಒಂದಕ್ಕೊಂದು ತಾಗಿರೋ ಎರಡು ಅಡಿಕೆಯನ್ನ ಅದು ಒಂದೇ ಅಂತ ಎಣಿಸುತ್ತೆ. ಅಲ್ಲಿಂದ ನಿಜವಾದ ಇಮೇಜ್ ಪ್ರೋಸೆಸಿಂಗ್ ಶುರು.

ಫೋಟೋ ಮೇಲೆ ಕನ್ನಡದಲ್ಲಿ ಹೆಸರು ಬರೆಯೋಕೆ ಹೋದ ಹುಡುಗನಿಗೆ ಸಿಗೋದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಓಪನ್‌ಸಿವಿಯ ಅಕ್ಷರ ಬರೆಯೋ ಮಾಮೂಲಿ ಫಂಕ್ಷನ್ನಿಗೆ ಕನ್ನಡ ಬರಲ್ಲ. ಪಿಲ್ಲೋದಲ್ಲಿ ಕನ್ನಡ ಫಾಂಟ್ ಕೊಟ್ಟರೆ ಅಕ್ಷರ ಬರುತ್ತೆ, ಆದರೆ ಜೊತೆಗೆ ರಾಕ್ವಮ್ ಅನ್ನೋ ಲೇಔಟ್ ಲೈಬ್ರರಿ ಇಲ್ಲದಿದ್ದರೆ ಒತ್ತಕ್ಷರ ಕೂರಲ್ಲ, ಕಳಚಿ ಬೀಳುತ್ತೆ. ಅಕ್ಷರಕ್ಕೆ ಸಂಖ್ಯೆ ಇರೋದು ಬೇರೆ, ಆಕಾರ ಕೊಡೋದು ಬೇರೆ ಅನ್ನೋದನ್ನ ಕಲಿಯೋಕೆ ಕನ್ನಡಿಗನಿಗೆ ಇದಕ್ಕಿಂತ ಒಳ್ಳೇ ಅಭ್ಯಾಸ ಇಲ್ಲ. ಹನ್ನೆರಡರಲ್ಲಿ ಒಂದೂ ಇದರ ಬಗ್ಗೆ ಇಲ್ಲ.

ಕೊನೆಯದು ಮುಖ ಹುಡುಕೋ ಪ್ರೋಗ್ರಾಂ. ಹುಡುಗರಿಗೆ ಅಚ್ಚುಮೆಚ್ಚು, ಯಾಕಂದ್ರೆ ಹತ್ತು ಸಾಲಿನಲ್ಲಿ ತಮ್ಮ ಮುಖದ ಸುತ್ತ ಚೌಕ ಬರುತ್ತೆ. ಒಳಗಿರೋದು ವಿಯೋಲಾ ಮತ್ತು ಜೋನ್ಸ್ 2001ರಲ್ಲಿ ಕೊಟ್ಟ ವಿಧಾನ: ಕಣ್ಣಿನ ಪಟ್ಟಿ ಕೆನ್ನೆಗಿಂತ ಕಪ್ಪು, ಮೂಗಿನ ದಂಡೆ ಕಣ್ಣುಗಳಿಗಿಂತ ಬೆಳಕು ಅನ್ನೋಥರದ ಸಾವಿರಾರು ಚೌಕದ ಲೆಕ್ಕ. ಕತ್ತು ವಾಲಿಸಿದರೆ ಚೌಕ ಮಾಯ. ಅದರಲ್ಲಿ 1.3, 5 ಅಂತ ಎರಡು ಅಂಕಿ ಕೊಟ್ಟಿರ್ತಾರೆ. ಒಂದು, ಪ್ರತಿ ಸುತ್ತಿಗೂ ಚಿತ್ರ ಎಷ್ಟು ಕುಗ್ಗಬೇಕು ಅನ್ನೋದು. ಇನ್ನೊಂದು, ಎಷ್ಟು ಚೌಕ ಒಂದೇ ಕಡೆ ಬಿದ್ದರೆ ಮುಖ ಅಂತ ನಂಬಬೇಕು ಅನ್ನೋದು. 5ನ್ನ 1 ಮಾಡಿದರೆ ಗೋಡೆಯಲ್ಲೂ ಮುಖ ಕಾಣೋಕೆ ಶುರುವಾಗಬಹುದು. ಮುಖ ಇದೆ, ಇಲ್ಲ ಅನ್ನೋದು ಯಂತ್ರದ ಜ್ಞಾನ ಅಲ್ಲ, ಯಾರೋ ಇಟ್ಟ ಅಂಕಿಯ ತೀರ್ಮಾನ.

ಇದು ಪರೀಕ್ಷೆಗೆ ಮುಗಿಯೋ ವಿಷಯ ಅಲ್ಲ. ಯಲಹಂಕದಿಂದ ಅರ್ಧ ಗಂಟೆ ದೂರದ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರ್‌ನಿಂದ ಡಿಜಿಯಾತ್ರಾ ಇದೆ, ಮುಖ ತೋರಿಸಿ ಒಳಗೆ ಹೋಗಬಹುದು. ಅಲ್ಲಿರೋದು ಲ್ಯಾಬಿನ ಪ್ರೋಗ್ರಾಂ ಅಲ್ಲ, ಬೇರೆ ಕೆಲಸ, ಬೇರೆ ತಂತ್ರ. ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಯಾರ ಮುಖಕ್ಕೆ ತಪ್ಪಾಗುತ್ತೆ? 2018ರಲ್ಲಿ ಜಾಯ್ ಬುಲಾಮ್ವಿನಿ, ತಿಮ್ನಿತ್ ಗೆಬ್ರು ಮುಖ ನೋಡಿ ಗಂಡೋ ಹೆಣ್ಣೋ ಹೇಳೋ ಮೂರು ವಾಣಿಜ್ಯ ಸಾಫ್ಟ್‌ವೇರ್ ಪರೀಕ್ಷಿಸಿದರು. ಬಿಳಿ ಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಕಪ್ಪು ಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೆ. ನಾಳೆ ಇಂಥ ಸಾಫ್ಟ್‌ವೇರ್ ಬರೆಯೋರು ಈ ಪಿಜಿ ಹುಡುಗರೇ. ಹಾಜರಿಗೆ, ರೇಷನ್ನಿಗೆ, ಗೇಟಿಗೆ ಎಲ್ಲದಕ್ಕೂ ಕ್ಯಾಮೆರಾ ಬರ್ತಿರೋ ಕಾಲದಲ್ಲಿ, ಆ 5 ಯಾಕೆ 5 ಅಂತ ಕೇಳದ ಇಂಜಿನಿಯರ್ ಅವನ ಊರಿನವರಿಗೇ ಅಪಾಯ.

ವಾದಕ್ಕೆ ಎರಡು ಉತ್ತರ ನನಗೆ ಸಿಕ್ಕಿವೆ. ಒಂದು, ಕಂಪನಿಯಲ್ಲಿ ಯಾರೂ ಪಿಕ್ಸೆಲ್ ಲೂಪ್ ಬರೆಯಲ್ಲ, ಅದು ನಿಧಾನ. ನಿಜ, ನಾನೂ ಬರೆಯಲ್ಲ. ಆದರೆ ಆ ನಿಧಾನವೇ ಪಾಠ. 1.2 ಕೋಟಿ ಪಿಕ್ಸೆಲ್ಲಿನ ಮೊಬೈಲ್ ಫೋಟೋ ಮೇಲೆ ಲೂಪ್ ಓಡಿಸಿ ಕಾದವನಿಗೇ ನಮ್‌ಪೈ ಯಾಕೆ ಹುಟ್ಟಿತು ಅಂತ ಅರ್ಥವಾಗೋದು. ಎರಡನೇದು, ಈಗ ಎಐ ಎಲ್ಲ ಬರೆದುಕೊಡುತ್ತಲ್ಲ ಅನ್ನೋದು. ಬರೆದುಕೊಡುತ್ತೆ. ಅಂದಮೇಲೆ ಮನುಷ್ಯನಿಗೆ ಉಳಿಯೋ ಕೆಲಸ ಬಂದ ಚಿತ್ರ ನೋಡಿ ಇದು ಸರಿ ಇಲ್ಲ ಅನ್ನೋದು. ಅದನ್ನ ತಾನೇ ಈ ಲ್ಯಾಬ್ ಕಲಿಸದೇ ಬಿಟ್ಟಿರೋದು?

ಸಿಲಬಸ್ ಬದಲಾಗೋಕೆ ವರ್ಷಗಟ್ಟಲೆ ಹಿಡಿಯುತ್ತೆ, ಗೊತ್ತು. ಆದರೆ ಲ್ಯಾಬ್ ನಡೆಸೋ ಮೇಷ್ಟ್ರಿಗೆ ಬೆಳಗಾವಿಯ ಅಪ್ಪಣೆ ಬೇಕಿಲ್ಲದ ಒಂದು ಕೆಲಸ ಇದೆ. ಹುಡುಗ ಪ್ರೋಗ್ರಾಂ ಓಡಿಸಿ ತೋರಿಸಿದ ಮೇಲೆ ಒಂದೇ ಒಂದು ಅಂಕಿ ಬದಲಿಸಿ, ಓಡಿಸೋಕೆ ಮುಂಚೆ ಏನು ಕಾಣುತ್ತೆ ಹೇಳಪ್ಪ ಅಂತ ಕೇಳಿ. ಹೇಳಿದವನಿಗೆ ಅಂಕ ಕೊಡಿ. ಹೇಳಲಾರದವನಿಗೆ ಅಲ್ಲೇ ಓಡಿಸಿ ತೋರಿಸಿ. ಮೊದಲ ಸೆಮಿಸ್ಟರಿನಲ್ಲಿ ಸಮಯ ಮಿಕ್ಕಿದರೆ ಆ 17ನೇ ಅಧ್ಯಾಯವನ್ನೂ ತೆಗೀರಿ. ಪುಸ್ತಕ ಹೇಗೂ ಲೈಬ್ರರಿಯಲ್ಲಿದೆ.