ಮೆಲುದನಿ ಹಿಡಿಯುವ ಪೆಟ್ಟಿಗೆ

ಆಂಧ್ರದ ಗಡಿಭಾಗದ ಚಿಲಮತ್ತೂರು ಮಂಡಲದ ವೀರಾಪುರಕ್ಕೆ ವರ್ಷವರ್ಷವೂ ಬಣ್ಣದ ಕೊಕ್ಕರೆಗಳು ಬರುತ್ತವೆ. ಚಳಿ ಇರುವಾಗಲೇ ಬಂದು, ಊರೊಳಗಿನ ಮರಗಳ ನೆತ್ತಿಯಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲ ಬಲಿಯುವ ಹೊತ್ತಿಗೆ ಹಾರಿಹೋಗುತ್ತವೆ. ಮದ್ದೂರು ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿರುವಂತೆ ಇಲ್ಲಿಯ ಜನವೂ ಹಕ್ಕಿಗಳಿಗೆ ತೊಂದರೆ ಕೊಡುವುದಿಲ್ಲ, ಕೊಡಲು ಬಿಡುವುದೂ ಇಲ್ಲ. ಕ್ಯಾಮೆರಾ ಹೊತ್ತು ಬರುವವರಿಗೆ ಅದು ಸುಗ್ಗಿಕಾಲ. ದನಿ ಹಿಡಿಯಲು ಬರುವವರಿಗೆ ಮಾತ್ರ ಈ ಹಕ್ಕಿ ಸುಲಭಕ್ಕೆ ಒಲಿಯುವುದಿಲ್ಲ. ಬೆಳೆದ ಕೊಕ್ಕರೆ ಬಹುಪಾಲು ಮೌನಿ. ಗೂಡಿನಲ್ಲಿರುವಾಗ ಕೊಕ್ಕನ್ನು ಕಟಕಟ ಬಡಿಯುತ್ತದೆ. ಆಗೀಗ ಗಂಟಲಾಳದಿಂದ ನರಳಿದಂತೆ ಒಂದು ತಗ್ಗಿದ ದನಿ ತೆಗೆಯುತ್ತದೆ. ಗಲಾಟೆಯೆಲ್ಲ ತುತ್ತಿಗಾಗಿ ಅರಚುವ ಮರಿಗಳದ್ದು. ಜೊತೆಗೆ ಬೆಂಗಳೂರು–ಹೈದರಾಬಾದ್ ಹೆದ್ದಾರಿ ಕೊಡಿಕೊಂಡ ಚೆಕ್‌ಪೋಸ್ಟಿನ ಮೇಲೆ ಇದೇ ಮಂಡಲದಲ್ಲಿ ಹಾಯುತ್ತದೆ. ರಾತ್ರಿ ಊರು ಮಲಗಿದ ಮೇಲೆ ಲಾರಿಗಳ ಗುಂಯ್‌ಗುಡುವಿಕೆ ಬಹುದೂರದವರೆಗೆ ಹಬ್ಬುತ್ತದೆ.

ಮರಿಗಳ ಅರಚಾಟವನ್ನು ಕಿಸೆಯಲ್ಲಿನ ಫೋನೂ ಹಿಡಿಯುತ್ತದೆ. ತಾಯಿಹಕ್ಕಿಯ ಆ ತಗ್ಗುದನಿ ಬೇಕೆಂದರೆ ಒಳ್ಳೆಯ ಮೈಕು ಬೇಕು, ಮೈಕಿನ ಬೆನ್ನಿಗೆ ಅದರ ಸಂಕೇತವನ್ನು ಹಿಗ್ಗಿಸುವ ಒಳ್ಳೆಯ ಪ್ರೀಆಂಪ್ ಬೇಕು. ಹೊರಗೆ ಒಯ್ಯುವ ಪ್ರೀಆಂಪ್ ಕೊಳ್ಳಹೊರಟವರು ಸಾಮಾನ್ಯವಾಗಿ ಕೇಳುವುದು ಎಷ್ಟು ಚಾನೆಲ್, ಎಷ್ಟು ಗೇನ್, ಬ್ಲೂಟೂತ್ ಇದೆಯೇ ಎಂದು. ಮೊದಲು ಕೇಳಬೇಕಾದದ್ದು ಬೇರೆ: ಹಿಡಿಯಬೇಕಾದ ಸದ್ದುಗಳಲ್ಲಿ ಎಲ್ಲಕ್ಕಿಂತ ಮೆಲ್ಲಗಿನದು ಯಾವುದು, ಅದರ ಹತ್ತಿರಕ್ಕೆ ಮೈಕನ್ನು ಎಷ್ಟರ ಮಟ್ಟಿಗೆ ಒಯ್ಯಬಹುದು? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಅಂಗಡಿಯನ್ನು ದಾಟಿ ಮುಂದೆ ಹೋಗಬಹುದು.

ಮೈಕು ಕೊಡುವುದು ತೀರ ಸಣ್ಣ ವೋಲ್ಟೇಜು. ಹಾಡುವವರ ಕೈಯಲ್ಲಿ ಸದಾ ಕಾಣುವ ಶೂರ್ ಎಸ್‌ಎಂ58 ಮೈಕಿನ ಎದುರು 94 ಡೆಸಿಬೆಲ್‌ನಷ್ಟು ಜೋರಾಗಿ ಸದ್ದು ಮಾಡಿದರೂ ಹೊರಬರುವುದು 1.85 ಮಿಲಿವೋಲ್ಟ್. ಸಾಧಾರಣ ಮಾತಿಗೆ ಅದು ಇನ್ನೆಷ್ಟೋ ಪಟ್ಟು ಇಳಿಯುತ್ತದೆ. ಪ್ರೀಆಂಪ್ ಇದನ್ನು ಸಾವಿರ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹಿಗ್ಗಿಸಿ ರೆಕಾರ್ಡರಿಗೆ ಒಪ್ಪಿಸಬೇಕು; ಈ ಹಿಗ್ಗಿಸುವಿಕೆಯೇ ಗೇನ್. ಹಿಗ್ಗಿಸುವಾಗ ಅದರದೇ ಸರ್ಕ್ಯೂಟಿನ ಸುಯ್ ಎನ್ನುವ ಸದ್ದೂ ಜೊತೆಗೆ ಹಿಗ್ಗುತ್ತದೆ. ಈ ಸುಯ್ಯನ್ನು ಸೊನ್ನೆಗೆ ಇಳಿಸಲು ಯಾರಿಂದಲೂ ಆಗದು. ತಂತಿಯೊಳಗಿನ ಎಲೆಕ್ಟ್ರಾನುಗಳು ಶಾಖಕ್ಕೆ ಸುಮ್ಮನಿರದೆ ಓಡಾಡುವುದರಿಂದ ಹುಟ್ಟುವ ಸದ್ದು ಅದು. ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ಸನ್ ಅಳೆದು, ನೈಕ್ವಿಸ್ಟ್ ಲೆಕ್ಕ ಬಿಡಿಸಿ 1928ರಲ್ಲಿ ಪ್ರಕಟಿಸಿದರು. ಆ ಲೆಕ್ಕದ ಪ್ರಕಾರ 150 ಓಮ್‌ನ ಒಂದು ರೆಸಿಸ್ಟರ್, ಕಿವಿಗೆ ಕೇಳುವ 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ, ಸುಮಾರು ಮೈನಸ್ 131 ಡಿಬಿಯು ಸದ್ದನ್ನು ತಾನಾಗಿಯೇ ಮಾಡುತ್ತದೆ. ಪ್ರೀಆಂಪಿನ ವಿವರಪಟ್ಟಿಯಲ್ಲಿ ‘ಇಐಎನ್’ ಎಂದು ಬರೆದಿರುವ ಅಂಕಿ, ಈ ಗಡಿಗೆ ಆ ಪೆಟ್ಟಿಗೆ ಎಷ್ಟು ಹತ್ತಿರ ಬಂದಿದೆ ಎಂದು ತಿಳಿಸುತ್ತದೆ.

ಆ ಅಂಕಿಯನ್ನು ಓದುವಾಗ ಕಣ್ಣು ಚುರುಕಾಗಿರಬೇಕು. ಸೌಂಡ್ ಡಿವೈಸಸ್ ಕಂಪನಿಯ ಮಿಕ್ಸ್‌ಪ್ರೀ–3ಕ್ಕೆ ಮೈನಸ್ 130, ಝೂಮ್ ಎಫ್3ಕ್ಕೆ ಮೈನಸ್ 127 ಎಂದು ಇರುತ್ತದೆ. ಮೂರು ಡೆಸಿಬೆಲ್ ವ್ಯತ್ಯಾಸ ಎಂದುಕೊಂಡು ಹೆಚ್ಚು ದುಡ್ಡು ತೆರಲು ಸಿದ್ಧರಾಗುವವರಿದ್ದಾರೆ. ಆದರೆ ಮೊದಲನೆಯದು ಡಿಬಿವಿ, ಎರಡನೆಯದು ಡಿಬಿಯು; ಸೊನ್ನೆಯನ್ನು ಬೇರೆ ಬೇರೆ ವೋಲ್ಟೇಜಿನಲ್ಲಿ ಇಟ್ಟುಕೊಂಡ ಅಳತೆಗಳು ಅವು. ಎರಡರ ನಡುವೆ 2.2ರ ಅಂತರವಿದೆ. ಒಂದೇ ಅಳತೆಗೆ ತಂದರೆ ಮಿಕ್ಸ್‌ಪ್ರೀ ಸುಮಾರು ಮೈನಸ್ 128ರಲ್ಲಿ ನಿಲ್ಲುತ್ತದೆ. ಉಳಿಯುವ ಒಂದು ಡೆಸಿಬೆಲ್ ಅನ್ನು ಹುಣಸೆ ಮರದ ಕೆಳಗೆ ಕುಳಿತ ಯಾವ ಕಿವಿಯೂ ಗುರುತಿಸಲಾರದು. ಮಿಕ್ಸ್‌ಪ್ರೀ ಕೊಳ್ಳುವುದಕ್ಕೆ ಬೇರೆ ಒಳ್ಳೆಯ ಕಾರಣಗಳಿವೆ. ಅದರ ಗುಂಡಿಗಳು ಕೈಗೆ ಚೆನ್ನಾಗಿ ಕೂರುತ್ತವೆ, ಹೆಡ್‌ಫೋನಿಗೆ ಬರುವ ದನಿ ದಿಟವಾಗಿರುತ್ತದೆ, ಕಂಪ್ಯೂಟರಿಗೆ ಜೋಡಿಸಿದರೆ ಸ್ಟುಡಿಯೋ ಕೆಲಸಕ್ಕೂ ಒದಗುತ್ತದೆ. ಇದಕ್ಕಾಗಿ ಕೊಂಡರೆ ಸರಿ, ಆ ಒಂದು ಡೆಸಿಬೆಲ್‌ಗಾಗಿ ಬೇಡ.

ಪ್ರೀಆಂಪಿನ ಸುಯ್ ಎಷ್ಟು ಕೇಳಿಸುತ್ತದೆ ಎನ್ನುವುದು ಮೈಕಿನ ಮೇಲೆ ನಿಂತಿದೆ. ಇಲ್ಲಿ ಒಂದಿಷ್ಟು ಲೆಕ್ಕ ಮಾಡಲೇಬೇಕು. ಪಾಡ್‌ಕಾಸ್ಟಿನವರ ಅಚ್ಚುಮೆಚ್ಚಿನ ಶೂರ್ ಎಸ್‌ಎಂ7ಬಿ ಡೈನಮಿಕ್ ಮೈಕು. 94 ಡೆಸಿಬೆಲ್ ಸದ್ದಿಗೆ ಅದು ಕೊಡುವುದು 1.12 ಮಿಲಿವೋಲ್ಟ್. ಇದನ್ನು ಮೈನಸ್ 127 ಡಿಬಿಯು ಪ್ರೀಆಂಪಿಗೆ ಸಿಕ್ಕಿಸಿದರೆ, ಮೈಕಿನ ಎದುರು 24 ಡೆಸಿಬೆಲ್‌ನ ಸುಯ್ ಸದಾ ಇದ್ದ ಹಾಗೆ ಆಗುತ್ತದೆ. ಮೈನಸ್ 120ರ ಅಗ್ಗದ ಪ್ರೀಆಂಪ್ ಆದರೆ 31 ಡೆಸಿಬೆಲ್. ಹಳ್ಳಿಯ ನೀರವ ರಾತ್ರಿಗಿಂತ ಅದೇ ಜೋರು. ಅದೇ ಜಾಗದಲ್ಲಿ ರೋಡ್ ಎನ್‌ಟಿ1ರಂಥ ಕಂಡೆನ್ಸರ್ ಮೈಕು ಇಟ್ಟರೆ ಚಿತ್ರವೇ ಬೇರೆ. ಅದು 35 ಮಿಲಿವೋಲ್ಟ್ ಕೊಡುತ್ತದೆ, ಅದರ ಸ್ವಂತ ಸುಯ್ 4 ಡೆಸಿಬೆಲ್ ಆಸುಪಾಸು. ಒಳ್ಳೆಯ ಪ್ರೀಆಂಪಿನ ಸುಯ್ ಅದಕ್ಕಿಂತ ಹತ್ತು ಡೆಸಿಬೆಲ್ ಕೆಳಗೆ ಉಳಿಯುತ್ತದೆ. ಅಗ್ಗದ್ದು ಹಾಕಿದರೂ ಒಟ್ಟು ಸುಯ್ ಎರಡು ಡೆಸಿಬೆಲ್ ಕೂಡ ಏರುವುದಿಲ್ಲ. ಹಕ್ಕಿ, ಕಪ್ಪೆ, ತೋಪಿನ ಗಾಳಿ ಹಿಡಿಯಬೇಕೆನ್ನುವವರು ಹಣವನ್ನು ಮೊದಲು ಹೆಚ್ಚು ಸಂವೇದನೆಯ, ಕಡಿಮೆ ಸುಯ್‌ನ ಕಂಡೆನ್ಸರ್ ಮೈಕಿಗೆ ಸುರಿಯಬೇಕು. ಪ್ರೀಆಂಪಿನ ಸರದಿ ಆಮೇಲಿನದು.

ವೀರಾಪುರದಲ್ಲಿ ಮೈಕನ್ನು ಗೂಡಿನ ಬಳಿಗೆ ಒಯ್ಯುವ ಮಾತಿಲ್ಲ. ಹಕ್ಕಿ ಬೆದರಿದರೆ ಮರಿಗಳಿಗೆ ಅಪಾಯ. ಹಾಗಾಗಿ ಕೆಲವರು ಪ್ಯಾರಾಬೋಲಾ ತಟ್ಟೆ ತರುತ್ತಾರೆ. ಕೊಕ್ಕಿನ ಕಟಕಟಕ್ಕೆ ಅದು ಚೆನ್ನಾಗಿ ಒದಗುತ್ತದೆ. ತಗ್ಗುದನಿಗೆ ಅಷ್ಟಾಗಿ ಇಲ್ಲ, ಏಕೆಂದರೆ ತಟ್ಟೆ ತನ್ನ ಅಗಲಕ್ಕಿಂತ ಉದ್ದದ ಅಲೆಗಳನ್ನು ಒಟ್ಟುಗೂಡಿಸಲಾರದು. 60 ಸೆಂಟಿಮೀಟರ್ ತಟ್ಟೆಗೆ ಸುಮಾರು 570 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಒಲಿಯುವುದಿಲ್ಲ. ಇಂಥ ಕಡೆ ಮೈಕು ಮತ್ತು ಪ್ರೀಆಂಪ್ ಎರಡೂ ಶುದ್ಧವಾಗಿದ್ದರಷ್ಟೇ ದಾರಿ. ಮರದ ಬುಡದಲ್ಲಿ, ಮನೆಯವರ ಒಪ್ಪಿಗೆ ಪಡೆದು, ನಸುಕಿಗೆ ಮೊದಲೇ ಪೆಟ್ಟಿಗೆ ಇಟ್ಟು ದೂರ ಸರಿಯುವುದು ಮೇಲು.

ಮನುಷ್ಯರ ದನಿಯ ಕಥೆ ಬೇರೆ. ಅಲ್ಲಿ ಹತ್ತಿರ ಹೋಗಬಹುದು, ಹೋಗಲೇಬೇಕು. ಒಂದು ಮೀಟರ್ ದೂರದಲ್ಲಿ ಮಾತು ಸುಮಾರು 60 ಡೆಸಿಬೆಲ್ ಇದ್ದರೆ, ಒಂದು ಗೇಣಿನ ಅಂತರದಲ್ಲಿ 72ರ ಮೇಲಿರುತ್ತದೆ. ಅಗ್ಗದ ಪ್ರೀಆಂಪಿಗೂ ದುಬಾರಿಯದಕ್ಕೂ ನಡುವೆ ಇರುವ ಏಳು ಡೆಸಿಬೆಲ್‌ಗಿಂತ ಮೈಕನ್ನು ಹತ್ತಿರ ಸರಿಸಿದ್ದರಿಂದ ಬಂದ ಹನ್ನೆರಡು ದೊಡ್ಡದು, ಮತ್ತು ಅದಕ್ಕೆ ಕಾಸು ಬೇಡ.

ಇಷ್ಟೆಲ್ಲ ಜತನ ಏಕೆಂದರೆ ಈ ಸೀಮೆಯ ಸಂಪತ್ತು ಬಹಳಷ್ಟು ಬಾಯಲ್ಲಿದೆ. ಕನ್ನಡ ಶಾಸನಗಳಿರುವ ಲೇಪಾಕ್ಷಿ ಇಲ್ಲಿಗೆ ಹತ್ತಿರ, ಗಡಿಯಾಚೆ ಬಾಗೇಪಲ್ಲಿ. ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದ ಕೈವಾರದ ತಾತಯ್ಯನ ತತ್ವಪದಗಳನ್ನು ಹಾಡುವ ಭಜನೆ ಮೇಳಗಳು ಗಡಿಯ ಎರಡೂ ಕಡೆ ಇವೆ. ಇದೇ ಸೀಮೆಯ ಕಲ್ಯಾಣದುರ್ಗದ ಪಶ್ಚಿಮಕ್ಕೆ, ಗಡಿ ದಾಟಿದರೆ, ಕರ್ನಾಟಕದ ಚಳ್ಳಕೆರೆ ತಾಲ್ಲೂಕು. ಅಲ್ಲಿಯ ಯಲಗಟ್ಟೆಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಕಾಡುಗೊಲ್ಲರ ಹೆಣ್ಣುಮಗಳು. ಅವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ಪುಸ್ತಕ ಮಾಡಿದರು.

ಬಾಯಿಂದ ಪುಸ್ತಕಕ್ಕೆ ಬರುವ ದಾರಿಯಲ್ಲಿ ರೆಕಾರ್ಡಿಂಗ್ ಎಷ್ಟು ಮುಖ್ಯ ಎನ್ನುವುದಕ್ಕೆ ಕರಾವಳಿಯ ಸಿರಿ ಪಾಡ್ದನಕ್ಕಿಂತ ದೊಡ್ಡ ನಿದರ್ಶನ ಬೇಡ. ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಹಾಡಿದ್ದನ್ನು ಫಿನ್ಲೆಂಡಿನ ಲೌರಿ ಹೊಂಕೊ, ಅನ್ನೆಲಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಧ್ವನಿ, ವಿಡಿಯೋ ಎರಡರಲ್ಲೂ ದಾಖಲಿಸಿದರು. ಅದು 15,683 ಸಾಲುಗಳ ತುಳು ಮಹಾಕಾವ್ಯವಾಗಿ 1998ರಲ್ಲಿ ಅಚ್ಚಾಯಿತು. ಅಷ್ಟೂ ಸಾಲುಗಳನ್ನು ಕಿವಿಯಿಂದ ಕೇಳಿ ಕೇಳಿ ಬರೆದುಕೊಳ್ಳಬೇಕು. ದಣಿದ ಗಾಯಕರ ದನಿ ಇಳಿಯುತ್ತದೆ, ಸಾಲಿನ ಕೊನೆಯ ಅಕ್ಷರ ಉಸಿರಿನಲ್ಲಿ ಕರಗುತ್ತದೆ. ಸ, ಶ, ಹ, ಮಹಾಪ್ರಾಣಗಳು ಉಸಿರಿನಿಂದಲೇ ಆದ ದನಿಗಳು. ಸ ಮತ್ತು ಶದ ಸತ್ವವೆಲ್ಲ ಕೆಲವು ಸಾವಿರ ಹರ್ಟ್ಸ್‌ಗಳ ಮೇಲಿನ ಪಟ್ಟಿಯಲ್ಲಿದೆ, ಪ್ರೀಆಂಪಿನ ಸುಯ್ ಕಿವಿಗೆ ಹೆಚ್ಚು ರಾಚುವುದೂ ಅಲ್ಲೇ. ಹಾಡು ಕೇಳಿ ಸಂತೋಷಪಡುವವರಿಗೆ ಒಂದಿಷ್ಟು ಸುಯ್ ಅಡ್ಡಿಯಾಗದು, ಬರೆದುಕೊಳ್ಳುವವರಿಗೆ ಅದು ಪದವನ್ನೇ ನುಂಗಿಬಿಡುತ್ತದೆ. ಕಂಪ್ಯೂಟರಿನಲ್ಲಿ ಆಮೇಲೆ ಸುಯ್ ಒರೆಸಿ ತೆಗೆಯುತ್ತೇವೆ ಎನ್ನುವವರು, ಅದರ ಜೊತೆಗೇ ಸಕಾರ ಶಕಾರಗಳ ಅಂಚೂ ಅಳಿಸಿಹೋಗುವುದನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಬೇಕು.

ಈಗ 32–ಬಿಟ್ ಫ್ಲೋಟ್ ಎಂಬ ಮಾತು ಎಲ್ಲ ಅಂಗಡಿಗಳಲ್ಲೂ ಇದೆ. 2019ರಲ್ಲಿ ಝೂಮ್ ಎಫ್6 ಮತ್ತು ಮಿಕ್ಸ್‌ಪ್ರೀಯ ಎರಡನೇ ಪೀಳಿಗೆ ಅದನ್ನು ತಂದವು. 2022ರಲ್ಲಿ ಬಂದ ಎಫ್3 ಗೇನ್ ಗುಂಡಿಯನ್ನೇ ತೆಗೆದುಹಾಕಿತು: ಎರಡು ಎಕ್ಸ್‌ಎಲ್‌ಆರ್ ಮೈಕು, ಎರಡು ಎಎ ಸೆಲ್ಲು, ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ. ಒಂದು ಚಾನೆಲ್ಲಿಗೆ ಎರಡು ಪರಿವರ್ತಕಗಳು, ಒಂದು ಜೋರಿಗೆ, ಇನ್ನೊಂದು ಮೆಲ್ಲಗಿನದಕ್ಕೆ. ಭಜನೆ ಮೇಳಕ್ಕೆ ಇದು ವರ. ಏಕತಾರಿಯೊಡನೆ ಒಬ್ಬರೇ ಪದ ಎತ್ತಿಕೊಂಡಾಗ ದನಿ ಪಿಸುಮಾತಿನಷ್ಟಿರುತ್ತದೆ, ಮರುಗಳಿಗೆಗೆ ದಮ್ಮಡಿ, ತಾಳ, ಹಿಮ್ಮೇಳ ಒಟ್ಟಿಗೆ ಅಪ್ಪಳಿಸುತ್ತವೆ. ಗೇನ್ ತಿರುಗಿಸುತ್ತ ಕೂರುವ ಪಾಡಿಲ್ಲ, ಹಾಡಿನ ಮೇಲೆ ಗಮನ ಇಡಬಹುದು. ಆದರೆ ಫ್ಲೋಟ್ ಜೋರು ಸದ್ದು ಒಡೆಯದಂತೆ ಕಾಯುತ್ತದೆಯೇ ಹೊರತು, ಪ್ರೀಆಂಪಿನ ಸುಯ್ಯನ್ನು ಒಂದು ಕೂದಲಿನಷ್ಟೂ ತಗ್ಗಿಸುವುದಿಲ್ಲ. ಫ್ಲೋಟ್ ಎಂದು ಬರೆದ ಮಾತ್ರಕ್ಕೆ ಮೆಲುದನಿ ಶುದ್ಧವಾಗಿ ಬರುತ್ತದೆ ಎಂದು ನಂಬಬಾರದು. ಮೈಕಿನೊಳಗೇ ಸದ್ದು ಒಡೆದರೆ ಅದನ್ನೂ ಅದು ಉಳಿಸಲಾರದು. 48 ಕಿಲೋಹರ್ಟ್ಸ್‌ನಲ್ಲಿ ಎರಡು ಚಾನೆಲ್ಲಿನ ಒಂದು ಗಂಟೆ ಸುಮಾರು 1.4 ಗಿಗಾಬೈಟ್ ತಿನ್ನುತ್ತದೆ. ಈಗಿನ ಕಾರ್ಡುಗಳಿಗೆ ಅದೊಂದು ಹೊರೆಯಲ್ಲ.

ಆಷಾಢದಲ್ಲಿ ಈ ಕಡೆ ಬರುವವರು ಎಲ್ಲಕ್ಕಿಂತ ಮೊದಲು ಗಾಳಿಗೆ ಸಿದ್ಧರಾಗಬೇಕು. ಕಲ್ಯಾಣದುರ್ಗದ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಮೈಕಿನ ಮೇಲೆ ಗಾಳಿ ಬಡಿದರೆ ಹುಟ್ಟುವುದು ತೀರ ತಗ್ಗಿನ, ತೀರ ಬಲದ ಸಂಕೇತ. ಸ್ಪಂಜಿನ ಟೋಪಿ ಮನೆಯೊಳಗಿಗೆ ಸಾಕು, ಬಯಲಿಗೆ ಉದ್ದ ತುಪ್ಪಟದ ಗವಸೇ ಬೇಕು. ಪ್ರೀಆಂಪಿನಲ್ಲಿ ತಗ್ಗಿನ ಸದ್ದನ್ನು ಕತ್ತರಿಸುವ, 80 ಹರ್ಟ್ಸ್ ಆಸುಪಾಸಿನ ಲೋ–ಕಟ್ ಇರಬೇಕು, ಅದೂ ಡಿಜಿಟಲ್‌ಗೆ ತಿರುಗುವ ಮೊದಲೇ ಕೆಲಸ ಮಾಡುವಂಥದಾದರೆ ಉತ್ತಮ. ಹೆದ್ದಾರಿಯ ಗುಂಯ್ ಕೂಡ ಅದರಿಂದ ಒಂದಿಷ್ಟು ಇಳಿಯುತ್ತದೆ.

ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್, ಅಂದರೆ ಮೈಕಿನ ಕೇಬಲ್ಲಿನಲ್ಲೇ ಪ್ರೀಆಂಪ್ ಕಳಿಸುವ ವಿದ್ಯುತ್, ಬೇಕು. 1966ರಲ್ಲಿ ನಾರ್ವೆಯ ರೇಡಿಯೋಗಾಗಿ ಜರ್ಮನಿಯ ನಾಯ್ಮನ್ ಕಂಪನಿ ಕೆಎಂ84 ಮೈಕು ಮಾಡಿದಾಗ, ಅಲ್ಲಿಯ ಸ್ಟುಡಿಯೋಗಳ ತುರ್ತು ದೀಪಗಳಿಗೆ ಇದ್ದ 48 ವೋಲ್ಟ್ ವ್ಯವಸ್ಥೆಯನ್ನೇ ಬಳಸಿಕೊಂಡರು; ಮುಂದೆ ಜಗತ್ತೆಲ್ಲ ಅದಕ್ಕೆ ಹೊಂದಿಕೊಂಡಿತು. ಸೆಲ್ಲಿನ ಪೆಟ್ಟಿಗೆಗಳಲ್ಲಿ ಫ್ಯಾಂಟಮ್ ಹಾಕಿದ ಕೂಡಲೇ ಆಯುಸ್ಸು ಇಳಿಯುತ್ತದೆ. ಡಬ್ಬದ ಮೇಲೆ ಬರೆದ ಗಂಟೆಗಳು ಫ್ಯಾಂಟಮ್ ಇಲ್ಲದಾಗಿನವೋ ಇದ್ದಾಗಿನವೋ ಎಂದು ನೋಡಿಕೊಳ್ಳಬೇಕು. ಮನೆಯಲ್ಲಿ ಆಗಲೇ ಡೈನಮಿಕ್ ಮೈಕು ಮತ್ತು ಸಾಧಾರಣ ರೆಕಾರ್ಡರ್ ಇರುವವರಿಗೆ ಕ್ಲೌಡ್‌ಲಿಫ್ಟರ್ ಸಿಎಲ್–1, ಫೆಟ್‌ಹೆಡ್‌ನಂಥ ನಡುವಿನ ತುಂಡು ಸಾಕಾಗಬಹುದು. ಅವು ಫ್ಯಾಂಟಮ್ ಕುಡಿದು ಸುಮಾರು 25 ಡೆಸಿಬೆಲ್ ಎತ್ತಿಕೊಡುತ್ತವೆ. ಫ್ಯಾಂಟಮನ್ನು ಮುಂದೆ ಮೈಕಿಗೆ ದಾಟಿಸುವುದಿಲ್ಲವಾದ್ದರಿಂದ ಕಂಡೆನ್ಸರಿಗೆ ಅವು ಆಗಿಬರುವುದಿಲ್ಲ. ರೆಕಾರ್ಡರಿನ ಪ್ರೀಆಂಪ್ ಮೊದಲೇ ಶುದ್ಧವಾಗಿದ್ದರೆ ಅವುಗಳಿಂದ ಲಾಭವೂ ಅತ್ಯಲ್ಪ.

ಕೊಳ್ಳುವ ಮುನ್ನ ಪರೀಕ್ಷೆಗೆ ದೊಡ್ಡ ಉಪಕರಣವೇನೂ ಬೇಡ. ಒಂದು ಎಕ್ಸ್‌ಎಲ್‌ಆರ್ ಗಂಡುಪಿನ್ನಿನಲ್ಲಿ 2 ಮತ್ತು 3ನೇ ಕಡ್ಡಿಗಳ ನಡುವೆ 150 ಓಮ್ ರೆಸಿಸ್ಟರನ್ನು ಬೆಸುಗೆ ಹಾಕಿಸಿಕೊಂಡರೆ ಆಯಿತು. ಹಿಂದೂಪುರದ ಯಾವ ರೇಡಿಯೋ ರಿಪೇರಿಯವರೂ ಕ್ಷಣದಲ್ಲಿ ಮಾಡಿಕೊಟ್ಟಾರು. ಅದನ್ನು ಪ್ರೀಆಂಪಿಗೆ ಚುಚ್ಚಿ, ಫ್ಯಾಂಟಮ್ ಆರಿಸಿ, ಗೇನ್ ಪೂರ್ತಿ ಏರಿಸಿ ಒಂದು ನಿಮಿಷ ರೆಕಾರ್ಡ್ ಮಾಡಬೇಕು. ಗೇನ್ ಗುಂಡಿ ಇಲ್ಲದ ಪೆಟ್ಟಿಗೆಯಾದರೆ ಕಂಪ್ಯೂಟರಿನಲ್ಲಿ ಹಿಗ್ಗಿಸಿಕೊಳ್ಳಬಹುದು. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಎರಡರ ಒಟ್ಟು ಗೇನ್ ಒಂದೇ ಇರಬೇಕು. ಏರಿಳಿತವಿಲ್ಲದ ಸುಯ್ ಮಾತ್ರ ಬಂದರೆ ಪೆಟ್ಟಿಗೆ ಚೆನ್ನಾಗಿದೆ. ನಡುವೆ ಕೀಚಲು ಸಿಳ್ಳೆ, ಗುಂಯ್, ಅಥವಾ ಪವರ್ ಬ್ಯಾಂಕ್ ಜೋಡಿಸಿದೊಡನೆ ಹೊಸದೊಂದು ಕಿರಿಕಿರಿ ಕೇಳಿದರೆ, ಇಐಎನ್ ಅಂಕಿ ಎಷ್ಟೇ ಚೆಂದವಿರಲಿ, ಅದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು. ಇದೇ ಪರೀಕ್ಷೆಯ ಹೊತ್ತಿಗೆ ಫೋನನ್ನು ಕೇಬಲ್ಲಿನ ಪಕ್ಕಕ್ಕೆ ಹಿಡಿದು ಯಾರಿಗಾದರೂ ಕರೆ ಮಾಡಿ ನೋಡಬೇಕು. ಟಿರ್ ಟಿರ್ ಎಂದು ಸದ್ದು ನುಸುಳಿದರೆ ಮೊದಲು ಕೇಬಲ್ ಬದಲಿಸಿ ಇನ್ನೊಮ್ಮೆ ಕೇಳುವುದು. ಎಷ್ಟೋ ಸಲ ತಪ್ಪು ಪೆಟ್ಟಿಗೆಯದ್ದಲ್ಲ, ಸರಿಯಾಗಿ ಬೆಸುಗೆ ಹಾಕದ ಕೇಬಲ್ಲಿನದ್ದು.